ಒತ್ತಿನೆಣೆಯ ಕೆಂಪು, ಚನ್ನಗಿರಿಯ ಕೆಂಪು

ಕಡಲಿಗೆ ಎದೆಯೊಡ್ಡಿ ನಿಂತ ಗುಡ್ಡದ ಚಿತ್ರ ಬರೆಯಲು ಕಡಲೂರಿನಲ್ಲೇ ಹುಟ್ಟಿರಬೇಕಾಗಿಲ್ಲ. ಒಂದು ಒಳ್ಳೆಯ ಫೋಟೊ, ಕೆಮ್ಮಣ್ಣನ್ನು ದಿನವೂ ನೋಡುವ ಕಣ್ಣು ಮತ್ತು ಅವಸರವಿಲ್ಲದ ಮನಸ್ಸು ಇದ್ದರೆ ಚನ್ನಗಿರಿಯಂಥ ಒಳನಾಡಿನ ಊರಿನಲ್ಲಿ ಕೂತೂ ಅರಬ್ಬೀ ಸಮುದ್ರದ ದಂಡೆಯನ್ನು ಎಣ್ಣೆಬಣ್ಣದಲ್ಲಿ ಮೂಡಿಸಬಹುದು. ಫೋಟೊ ನೋಡಿ ಬರೆದದ್ದೆಂದರೆ ನಕಲು ಎಂದು ಮೂಗು ಮುರಿಯುವವರಿದ್ದಾರೆ. ಬ್ರಷ್ ಹಿಡಿದು ಕೂತವರಿಗೆ ಮಾತ್ರ ಗೊತ್ತು, ಆ ಅಂಗೈಯಗಲದ ಚಿತ್ರದಲ್ಲಿ ಎಷ್ಟು ಇದೆ, ಎಷ್ಟು ಇಲ್ಲ ಎಂಬುದು. ಇಲ್ಲದ್ದನ್ನು ತುಂಬಿಕೊಡುವುದರಲ್ಲೇ ಈ ಕೆಲಸದ ರುಚಿಯೆಲ್ಲ ಇದೆ. ತುಂಬಿಕೊಡಲು ಬೇಕಾದದ್ದು ಹೆಚ್ಚಾಗಿ ನಮ್ಮ ಮನೆಯಂಗಳದಲ್ಲೇ ಸಿಗುತ್ತದೆ ಎಂಬುದು ನನ್ನ ಅನುಭವ.

ನನ್ನ ಮೆಚ್ಚಿನ ಜಾಗ ಬೈಂದೂರಿನ ಒತ್ತಿನೆಣೆ. ನಮ್ಮ ಕಡೆಯಿಂದ ಹೋಗುವವರು ಶಿವಮೊಗ್ಗ, ಹೊಸನಗರ ದಾಟಿ ನಾಗೋಡಿ ಘಾಟಿ ಇಳಿಯುತ್ತಾರೆ. ಕೊಲ್ಲೂರಿನಲ್ಲಿ ಮೂಕಾಂಬಿಕೆಗೆ ಕೈಮುಗಿದು ಬೈಂದೂರು ಸೇರುತ್ತಾರೆ. ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಿಗೇ ಕೆಂಪು ಗುಡ್ಡ. ಮೇಲೆ ಕ್ಷಿತಿಜ ನೇಸರಧಾಮ, ಕೆಳಗೆ ಸೋಮೇಶ್ವರದ ಕಡಲತೀರ. ಹೊನ್ನಾವರದ ಅಪ್ಸರಕೊಂಡದಲ್ಲೂ ಗೋಕರ್ಣದ ಓಂ ಬೀಚಿನ ಆಚೀಚೆಗೂ ಗುಡ್ಡ ಹೀಗೇ ಕಡಲಿನವರೆಗೆ ನಡೆದು ಬಂದು ನಿಲ್ಲುತ್ತದೆ. ಆದರೆ ಒತ್ತಿನೆಣೆಯ ಕೆಂಪು ಬೇರೆ. ಮಳೆಗಾಲದ ನೀರು ಕೊರೆದು ಕೊರೆದು ಇಳಿಜಾರಿನ ಮೈಯನ್ನೆಲ್ಲ ಗೀರು ಗೀರಾಗಿಸಿದೆ. ಪ್ರತಿ ಗೀರಿಗೂ ಒಂದು ಬಿಸಿಲಿನ ಮಗ್ಗುಲು, ಒಂದು ನೆರಳಿನ ಮಗ್ಗುಲು. ಬಣ್ಣದ ಕೆಲಸ ಬಲ್ಲವರಿಗೆ ಇದಕ್ಕಿಂತ ದೊಡ್ಡ ಔತಣವಿಲ್ಲ.

ಕರಾವಳಿಯವರು ಮುರಕಲ್ಲು ಎನ್ನುವ ಈ ಗುಡ್ಡದ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ, 1800–01ರಲ್ಲಿ, ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದವನು. ಅವನ ಪ್ರವಾಸದ ಪುಸ್ತಕ ಅಚ್ಚಾದದ್ದು 1807ರಲ್ಲಿ. ನೆಲದೊಳಗಿರುವಾಗ ಕೊಡಲಿಗೂ ಬಗ್ಗುವಷ್ಟು ಮೆತ್ತಗಿರುವ ಈ ಕಲ್ಲು ಗಾಳಿಗೆ ಬಂದ ಮೇಲೆ ಇಟ್ಟಿಗೆಯಷ್ಟು ಗಟ್ಟಿಯಾಗುವುದನ್ನು ಅವನು ಗುರುತಿಸಿದ್ದ. ಚಿತ್ರಕಾರನಿಗೆ ಬೇಕಾದ ಸಂಗತಿಯೂ ಇದರಲ್ಲೇ ಇದೆ. ಗುಡ್ಡದ ನೆತ್ತಿಯಲ್ಲಿ ಮಳೆ ಬಿಸಿಲಿಗೆ ಕಪ್ಪಿಟ್ಟ ಗಟ್ಟಿ ತೊಗಟೆ. ಅದರ ಕೆಳಗೆ ತುಕ್ಕಿನ ಕೆಂಪು. ಇನ್ನೂ ಕೆಳಗೆ ಅರಿಸಿನದ ಕಡೆಗೆ ವಾಲಿದ ಹಳದಿ, ಅಲ್ಲಲ್ಲಿ ಗುಲಾಬಿ ಛಾಯೆ, ತಳದಲ್ಲಿ ಶೇಡಿ ಮಣ್ಣಿನ ಬಿಳುಪು. ಗಟ್ಟಿ ತೊಗಟೆಯ ಕೆಳಗಿನ ಮೆತ್ತನೆ ಮಣ್ಣು ಕೊಚ್ಚಿಹೋದಾಗ ಮೇಲಿನ ಕಲ್ಲು ಆಸರೆ ತಪ್ಪಿ ತುಂಡು ತುಂಡಾಗಿ ಉರುಳುತ್ತದೆ. ಬುಡದಲ್ಲಿ ಬಿದ್ದಿರುವ ಬಂಡೆಗಳು ಎಲ್ಲಿಂದ ಬಂದವು ಎಂಬುದು ಗೊತ್ತಿದ್ದರೆ ಅವನ್ನು ಚಿತ್ರದಲ್ಲಿ ಎಲ್ಲೆಂದರಲ್ಲಿ ಇಡುವುದಿಲ್ಲ. ಮೇಲೆ ಯಾವ ಜಾಗದಲ್ಲಿ ಕಲ್ಲು ಕಿತ್ತುಹೋಗಿದೆಯೋ ಅದರ ನೇರಕ್ಕೇ ಕೆಳಗೆ ಇಡುತ್ತೇವೆ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಗುಡ್ಡ ನಿಜವೆನಿಸುತ್ತದೆ.

ಇನ್ನು ಫೋಟೊ. ಪಶ್ಚಿಮಕ್ಕೆ ಮುಖ ಮಾಡಿದ ಗುಡ್ಡ ಬೆಳಗಿನ ಹೊತ್ತು ತನ್ನ ನೆರಳಿನಲ್ಲೇ ಇರುತ್ತದೆ. ಮಧ್ಯಾಹ್ನ ಇಳಿದ ಮೇಲೆ ಕಡಲ ಕಡೆಯಿಂದ ಬಿಸಿಲು ಬೀಳತೊಡಗಿದಾಗ ಅದರ ಮೈ ಕೆಂಪೇರುತ್ತದೆ. ಹಾಗಾಗಿ ಸಂಜೆ ನಾಲ್ಕರ ಆಸುಪಾಸಿನ ಫೋಟೊ ಸಿಕ್ಕರೆ ಅರ್ಧ ಗೆದ್ದಂತೆ. ತೀರದಲ್ಲಿ ನಿಂತು ಉತ್ತರಕ್ಕೆ ನೋಡುತ್ತಾ ತೆಗೆದಿದ್ದರೆ ಎಡದಿಂದ ಬೆಳಕು, ಬಲಕ್ಕೆ ಗುಡ್ಡ, ನಡುವೆ ಒಳಕ್ಕೆ ಸರಿಯುತ್ತಾ ಹೋಗುವ ಅಲೆಗಳ ಸಾಲು ಸಿಗುತ್ತವೆ.

ಇಷ್ಟು ಕೊಟ್ಟ ಕ್ಯಾಮೆರಾ ಕೆಲವನ್ನು ಕಸಿದುಕೊಂಡೂ ಇರುತ್ತದೆ. ಮೊಬೈಲಿನ ಲೆನ್ಸು ಅಗಲಕ್ಕೆ ನೋಡುವಂಥದ್ದು. ಹತ್ತಿರದ ಮರಳು ಹಿಗ್ಗುತ್ತದೆ, ದೂರದ ಗುಡ್ಡ ಕುಗ್ಗುತ್ತದೆ. ಅಲ್ಲಿ ನಿಂತಾಗ ಎದೆ ನಡುಗಿಸಿದ್ದ ಎತ್ತರ ಫೋಟೊದಲ್ಲಿ ದಿಬ್ಬವಾಗಿ ಕೂತಿರುತ್ತದೆ. ಅದನ್ನು ಚೌಕಳಿ ಹಾಕಿ ಅಳತೆಗೆ ಸರಿಯಾಗಿ ಇಳಿಸಿಕೊಂಡರೆ ಆ ಕುಗ್ಗಿದ ಗುಡ್ಡವೇ ಕ್ಯಾನ್ವಾಸಿಗೂ ಬರುತ್ತದೆ. ಗುಡ್ಡವನ್ನು ನೆನಪಿನ ಎತ್ತರಕ್ಕೆ ಏರಿಸಬೇಕು, ಮುಂದಿನ ಮರಳನ್ನು ಕಡಿಮೆ ಮಾಡಬೇಕು, ಕ್ಷಿತಿಜದ ಗೆರೆಯನ್ನು ನಟ್ಟನಡುವಿನಿಂದ ಕೆಳಕ್ಕೆ ಸರಿಸಬೇಕು. ಗೆರೆ ಕೆಳಗಿಳಿದ ಕೂಡಲೇ ಗುಡ್ಡದ ತುದಿ ಆಕಾಶದೊಳಕ್ಕೆ ನುಗ್ಗುತ್ತದೆ. ನೋಡುವವರ ಕತ್ತು ತಾನಾಗಿ ಮೇಲಕ್ಕೇಳುತ್ತದೆ. ಈ ಒಂದು ಬದಲಾವಣೆಗಾಗಿ ಇದ್ದಿಲ ಕಡ್ಡಿ ಹಿಡಿದು ಎಷ್ಟು ಹೊತ್ತು ಕಳೆದರೂ ನಷ್ಟವಿಲ್ಲ.

ಕ್ಯಾಮೆರಾಕ್ಕೂ ಕಡಲಿಗೂ ಇರುವ ಈ ತಕರಾರು ಹಳೆಯದು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿನ ಫೋಟೊಗಳಿಂದ ಹೆಸರು ಮಾಡಿದ. ಆಗಿನ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕೆಂದರೆ ಅತಿ ಚುರುಕು. ಅಲೆ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬೆಳ್ಳಗೆ ಬರಿದಾಗುತ್ತಿತ್ತು. ಅವನು ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಬೇರೆ ಬೇರೆಯಾಗಿ ತೆಗೆದು, ಕ್ಷಿತಿಜದ ಗೆರೆಯಲ್ಲಿ ಎರಡನ್ನೂ ಸೇರಿಸಿ ಒಂದೇ ಚಿತ್ರವಾಗಿ ಅಚ್ಚುಹಾಕಿದ. ಕಡಲಿನ ಮೊದಮೊದಲ ದೊಡ್ಡ ಫೋಟೊಗಳೇ ಹೀಗೆ ಕೈಯಿಂದ ಬೆಸೆದವು ಎಂದಮೇಲೆ, ಫೋಟೊ ಮುಂದಿಟ್ಟುಕೊಂಡು ಬೆಸೆಯುವ ಕೆಲಸ ಮುಂದುವರಿಸುವ ನಮ್ಮಂಥವರು ಸಂಕೋಚಪಡಬೇಕಾಗಿಲ್ಲ.

ಬಿಳಿ ಕ್ಯಾನ್ವಾಸಿನ ಮೇಲೆ ನೇರವಾಗಿ ಶುರುಮಾಡುವುದು ನನಗೆ ಒಗ್ಗುವುದಿಲ್ಲ. ಬರ್ನ್ಟ್ ಸಿಯೆನ್ನಾವನ್ನು ಟರ್ಪೆಂಟೈನಿನಲ್ಲಿ ಚೆನ್ನಾಗಿ ತೆಳ್ಳಗೆ ಮಾಡಿ ಇಡೀ ಬಟ್ಟೆಗೆ ಬಳಿದು, ಹಳೆಯ ಪಂಚೆಯ ತುಂಡಿನಿಂದ ಒರೆಸಿಬಿಡುತ್ತೇನೆ. ಆಗ ಉಳಿಯುವ ಬಣ್ಣ ಅಡಿಕೆ ಬೇಯಿಸಿದ ಹಂಡೆಯ ಚೊಗರಿನಂತಿರುತ್ತದೆ: ತೆಳುವಾದಲ್ಲಿ ಜೇನಿನ ಹೊಳಪು, ನಿಂತಲ್ಲಿ ಕಡುಗೆಂಪು. ಸುಗ್ಗಿಯ ತಿಂಗಳುಗಳಲ್ಲಿ ಚನ್ನಗಿರಿ ಸೀಮೆಯ ಊರೂರಿನ ಅಂಗಳಗಳಲ್ಲಿ ಬೇಯಿಸಿದ ಅಡಿಕೆ ಹರವಿರುವುದನ್ನು ನೋಡಿದವರಿಗೆ ಈ ಕೆಂಪಿನ ಪರಿಚಯ ಮಾಡಿಸಬೇಕಾಗಿಲ್ಲ. ಆಮೇಲೆ ಮೇಲೆ ಎಷ್ಟು ನೀಲಿ ಹಚ್ಚಿದರೂ ಬ್ರಷ್ಷಿನ ಎಳೆಗಳ ಸಂದಿನಿಂದ ಆ ಕೆಂಪು ಇಣುಕುತ್ತದೆ. ಕಡಲು ತಣ್ಣಗೆ ಸತ್ತುಹೋಗದಂತೆ ಅದು ಕಾಯುತ್ತದೆ. ಆಕಾಶಕ್ಕೂ ಗುಡ್ಡಕ್ಕೂ ಒಂದೇ ಒಡಲು ಸಿಕ್ಕಿದಂತಾಗುತ್ತದೆ.

ಗುಡ್ಡಕ್ಕೆ ಬೇಕಾದ ಬಣ್ಣಗಳನ್ನು ಹೆಚ್ಚು ಹುಡುಕಬೇಕಿಲ್ಲ. ಯೆಲ್ಲೊ ಓಕರ್, ರಾ ಸಿಯೆನ್ನಾ, ಬರ್ನ್ಟ್ ಸಿಯೆನ್ನಾ, ಇಂಡಿಯನ್ ರೆಡ್. ಟ್ಯೂಬಿನ ಮೇಲೆ ಹೆಸರು ಯಾವುದೇ ಇರಲಿ, ನಾಲ್ಕಕ್ಕೂ ಬಣ್ಣ ಕೊಟ್ಟದ್ದು ಕಬ್ಬಿಣದ ತುಕ್ಕು. ನೀರಿನಂಶ ಹಿಡಿದ ಕಬ್ಬಿಣದ ಆಕ್ಸೈಡು ಹಳದಿ. ಅದನ್ನು ಸುಟ್ಟು ನೀರಿನಂಶ ಹೋದರೆ ಕೆಂಪು. ರಾ ಸಿಯೆನ್ನಾವನ್ನು ಹುರಿದರೆ ಬರ್ನ್ಟ್ ಸಿಯೆನ್ನಾ ಆಗುವುದು ಹಾಗೆಯೇ. ಒತ್ತಿನೆಣೆಯ ಮುರಕಲ್ಲಿನಲ್ಲಿ ಹಳದಿ ಕೆಂಪುಗಳು ಒಂದೇ ಗಡ್ಡೆಯಲ್ಲಿ ಬೆರೆತು ನಿಂತಿರುವುದಕ್ಕೂ ಇದೇ ಎರಡು ಬಗೆಯ ಆಕ್ಸೈಡು ಕಾರಣ. ಉಬ್ರಾಣಿ ಕಡೆಯ ತೋಟದ ಕೆಮ್ಮಣ್ಣಿನಲ್ಲಿರುವುದೂ ಅದೇ. ಎಂದರೆ ಗುಡ್ಡವನ್ನು ಗುಡ್ಡದ ಮಣ್ಣಿನಿಂದಲೇ ಬರೆದಂತೆ. ಸಾಗರದ ಸುತ್ತಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಗೋಡೆಯನ್ನು ಕೆಮ್ಮಣ್ಣಿನಿಂದ ಸಾರಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆ ಎಳೆಯುತ್ತಾರೆ. ಮಣ್ಣನ್ನೇ ಬಣ್ಣವಾಗಿ ನಂಬುವ ಆ ಕೈಗಳ ಪರಂಪರೆ ಟ್ಯೂಬಿನ ಬಣ್ಣಕ್ಕಿಂತ ಎಷ್ಟೋ ಹಿರಿದು.

ಫೋಟೊ ತೀರಾ ಕೈಕೊಡುವುದು ನೆರಳಿನಲ್ಲಿ. ಗುಡ್ಡದ ಬಿರುಕುಗಳೆಲ್ಲ ಅದರಲ್ಲಿ ಕಪ್ಪು. ನಿಜವಾದ ನೆರಳಿನಲ್ಲಿ ಕಪ್ಪು ಇರುವುದಿಲ್ಲ. ಮೇಲಿಂದ ಆಕಾಶದ ನೀಲಿ ಬೀಳುತ್ತಿರುತ್ತದೆ, ಕೆಳಗಿಂದ ಬಿಸಿಲು ಬಿದ್ದ ಮರಳಿನ ಬಿಸುಪು ಏರುತ್ತಿರುತ್ತದೆ. ಹಾಗಾಗಿ ಬಿರುಕಿನ ಮೇಲ್ಭಾಗ ನೇರಳೆಯ ಕಡೆಗೆ, ಕೆಳಭಾಗ ಕಿತ್ತಳೆಯ ಕಡೆಗೆ ವಾಲುತ್ತದೆ. ಇದನ್ನು ಫೋಟೊದಿಂದ ಕಲಿಯಲಾಗದು. ನಡುಮಧ್ಯಾಹ್ನ ಕೆಮ್ಮಣ್ಣಿನ ಧರೆಯ ಪಕ್ಕ ನಡೆಯುವಾಗ ಅದರ ನೆರಳಿನೊಳಕ್ಕೆ ಕಣ್ಣು ಹಾಯಿಸಿದರೆ ಸಾಕು, ಎಲ್ಲ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಪ್ಪಿಗಿಂತ ಆಳವಾದ ಒಂದು ಗಾಢ ಬಣ್ಣ ಹುಟ್ಟುತ್ತದೆ. ನೀಲಿ ಒಂದು ಚೂರು ಹೆಚ್ಚಾದರೆ ನೆರಳು ತಣ್ಣಗಾಗುತ್ತದೆ, ಕೆಂಪು ಒಂದು ಚೂರು ಹೆಚ್ಚಾದರೆ ಬೆಚ್ಚಗಾಗುತ್ತದೆ. ಇದನ್ನೊಂದು ಕಲಿತ ಮೇಲೆ ಕಪ್ಪು ಟ್ಯೂಬಿನ ಮುಚ್ಚಳ ತೆರೆಯುವ ಅಗತ್ಯವೇ ಬೀಳುವುದಿಲ್ಲ.

ನೀರಿನ ಪಾಠ ಕಲಿಯಲು ನಮಗೆ ಸೂಳೆಕೆರೆ ಇದೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಕಟ್ಟಿ, ಶತಮಾನಗಳ ಹಿಂದೆ ನಮ್ಮ ಹಿರಿಯರು ಕೂಡಿಟ್ಟ ಆ ಜಲರಾಶಿಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಏರಿಯ ಮೇಲೆ ನಿಂತು ಬಗ್ಗಿ ನೋಡಿದರೆ ಕಾಲಬುಡದ ನೀರಿನಲ್ಲಿ ತಳದ ಕಲ್ಲಿನ ಬಣ್ಣ ಕಾಣುತ್ತದೆ. ಅದೇ ಕಣ್ಣನ್ನು ದೂರಕ್ಕೆ ಎತ್ತಿದರೆ ನೀರು ತನ್ನ ಬಣ್ಣ ಬಿಟ್ಟು ಆಕಾಶದ್ದನ್ನು ಹೊದ್ದುಕೊಳ್ಳುತ್ತದೆ. ನೋಟ ಎಷ್ಟು ಓರೆಯಾಗುತ್ತದೋ ಪ್ರತಿಫಲನ ಅಷ್ಟು ಹೆಚ್ಚು. ಕೆರೆಗೂ ಕಡಲಿಗೂ ಈ ನಿಯಮ ಒಂದೇ. ಸಂತೇಬೆನ್ನೂರಿನ ಪುಷ್ಕರಣಿ ಇನ್ನೊಂದು ಪಾಠ ಹೇಳುತ್ತದೆ. ನಿಂತ ನೀರಿನಲ್ಲಿ ವಸಂತಮಂಟಪದ ಬಿಂಬ ನೋಡಿ: ಕಲ್ಲಿನ ಬಿಸಿಲು ಬಿದ್ದ ಭಾಗ ಬಿಂಬದಲ್ಲಿ ಒಂದು ಪಾಲು ಮಂಕು, ಕಪ್ಪಾದ ಭಾಗ ಒಂದು ಪಾಲು ತಿಳಿ. ಕಡಲತೀರದಲ್ಲಿ ಅಲೆ ಹಿಂದೆ ಸರಿದು ಮರಳು ಒದ್ದೆಯಾಗಿ ಹೊಳೆಯುವ ಆ ಕ್ಷಣದಲ್ಲಿ ಗುಡ್ಡದ ಕೆಂಪು ಮರಳಿನ ಮೇಲೆ ಬೀಳುತ್ತದಲ್ಲ, ಅಲ್ಲಿ ಈ ಲೆಕ್ಕ ತಪ್ಪದೆ ನಡೆಯುತ್ತದೆ. ಗುಡ್ಡಕ್ಕೆ ಹಚ್ಚಿದ ಬಣ್ಣಕ್ಕೇ ಒಂದಿಷ್ಟು ಬೂದು ಬೆರೆಸಿ, ಬ್ರಷ್ಷನ್ನು ನೇರ ಕೆಳಕ್ಕೆ ಎಳೆದು, ಮೇಲೆ ಅಡ್ಡಕ್ಕೊಂದು ಹಗುರ ಎಳೆತ ಕೊಟ್ಟರೆ ಮರಳು ಒದ್ದೆಯಾಗುತ್ತದೆ.

ಕೆರೆ ಕಲಿಸಲಾರದ್ದು ನೊರೆ ಮತ್ತು ಉಪ್ಪುಗಾಳಿ. ಕಡಲ ಮೇಲಿನ ಗಾಳಿಯಲ್ಲಿ ತೇವವೂ ಉಪ್ಪಿನ ಕಣಗಳೂ ತೇಲುವುದರಿಂದ ದೂರದ ಗುಡ್ಡದ ಅಂಚು ಮಸುಕು. ಹತ್ತಿರದ ಕೆಂಪು ದೂರ ಸರಿದಂತೆ ಗುಲಾಬಿ, ಆಮೇಲೆ ಬೂದುನೇರಳೆ. ಒಣಹವೆಯ ಜಗಳೂರಿನ ಬಯಲಿನಲ್ಲಿ ಬೆಳೆದ ಕಣ್ಣು ಇದನ್ನು ಮೊದಲ ಸಲ ಕಂಡಾಗ ಮರೆಯುವುದಿಲ್ಲ. ಅದಕ್ಕೇ ಫೋಟೊದ ಜಾಗಕ್ಕೆ ಒಮ್ಮೆಯಾದರೂ ಹೋಗಿ ಬಂದಿರಬೇಕು ಎನ್ನುವುದು.

ಈಗ ಇಡೀ ಚಿತ್ರದ ಪ್ರಾಣ ಇರುವ ಜಾಗಕ್ಕೆ ಬರುತ್ತೇನೆ: ಕಲ್ಲಿಗೆ ನೀರು ತಾಗುವ ಅಂಚು. ಫೋಟೊ ಅದನ್ನು ಚಾಕುವಿನಿಂದ ಕೊಯ್ದಂತೆ ತೋರಿಸುತ್ತದೆ. ಇತ್ತ ಕಲ್ಲು, ಅತ್ತ ನೊರೆ. ಕ್ಯಾಮೆರಾ ಕಂಡದ್ದು ಸೆಕೆಂಡಿನ ನೂರನೇ ಒಂದು ಪಾಲನ್ನು. ನಾವು ಕಂಡದ್ದು ಬಂದು ಬಡಿದು ಹಿಂದಿರುಗಿದ ಒಂದು ಪೂರ್ತಿ ಅಲೆಯನ್ನು. ಎಣ್ಣೆಬಣ್ಣ ದಿನಗಟ್ಟಲೆ ಹಸಿಯಾಗಿರುತ್ತದೆ ಎಂಬುದರ ಬೆಲೆ ತಿಳಿಯುವುದು ಇಲ್ಲಿ. ಹಸಿ ಕೆಂಪಿನ ಪಕ್ಕಕ್ಕೆ ಹಸಿ ಹಸಿರುನೀಲಿ ಹಚ್ಚಿ, ಒಣಬ್ರಷ್ಷಿನ ತುದಿಯಿಂದ ಎರಡರ ನಡುವೆ ಮೆಲ್ಲಗೆ ಸವರಿದರೆ ಅಂಚು ಕರಗುತ್ತದೆ. ಕಲ್ಲು ನೀರೊಳಕ್ಕೆ ಇಳಿಯುತ್ತದೆ. ಇನ್ನೊಂದು ಕಡೆ ಅಂಚನ್ನು ಹರಿತವಾಗಿಯೇ ಬಿಡಬೇಕು. ಅಲ್ಲಿ ಕಣ್ಣು ನಿಲ್ಲುತ್ತದೆ. ನೊರೆಗೆ ಅಪ್ಪಟ ಬಿಳಿ ಸಲ್ಲದು. ನೆರಳಿನಲ್ಲಿರುವ ನೊರೆಗೆ ನೀಲಿಬೂದು, ಬಿಸಿಲಿನಲ್ಲಿರುವ ನೊರೆಗೆ ಓಕರ್ ಸೋಕಿದ ಕೆನೆ ಬಣ್ಣ. ಕಟ್ಟಕಡೆಗೆ, ಎಲ್ಲ ಮುಗಿದ ಮೇಲೆ, ಪ್ಯಾಲೆಟ್ ನೈಫಿನ ತುದಿಯಲ್ಲಿ ದಪ್ಪಗೆ ಎತ್ತಿದ ಟೈಟೇನಿಯಂ ಬಿಳಿಯನ್ನು ಒಂದೆರಡು ಕಡೆ ಒತ್ತಿಬಿಟ್ಟರೆ ಅಲೆ ಬಡಿದ ಸದ್ದು ಕಣ್ಣಿಗೆ ಕೇಳುತ್ತದೆ. ಉಬ್ಬಿ ನಿಂತ ಆ ಬಣ್ಣದ ಮೇಲೆ ಕೋಣೆಯ ಬೆಳಕೇ ಬಿದ್ದು ಹೊಳೆಯುತ್ತದೆ. ಕಾಗದದ ಫೋಟೊಗೆ ಈ ಭಾಗ್ಯವಿಲ್ಲ.

ಇಷ್ಟೆಲ್ಲವನ್ನೂ ಹಿಡಿದಿಟ್ಟಿರುವುದು ಅಗಸೆ ಎಣ್ಣೆ. ನಾವು ರೊಟ್ಟಿಯ ಜೊತೆ ಚಟ್ನಿಪುಡಿ ಮಾಡಿಕೊಂಡು ತಿನ್ನುವ ಅದೇ ಅಗಸೆ. ಈ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಒಳಗೊಳಗೇ ಹೆಣೆದುಕೊಂಡು, ಗಟ್ಟಿ ಪೊರೆಯಾಗುತ್ತದೆ. ಅಂಬರ್ ಬಣ್ಣದಲ್ಲಿರುವ ಮ್ಯಾಂಗನೀಸು ಅದನ್ನು ಅವಸರಪಡಿಸುತ್ತದೆ, ಟೈಟೇನಿಯಂ ಬಿಳಿ ತಡಮಾಡುತ್ತದೆ. ಅದಕ್ಕೇ ಕೆಳಗಿನ ಪದರಕ್ಕೆ ಟರ್ಪೆಂಟೈನ್ ಹೆಚ್ಚು, ಎಣ್ಣೆ ಕಡಿಮೆ. ಮೇಲೆ ಹೋದಂತೆ ಎಣ್ಣೆ ಹೆಚ್ಚು. ಇದು ತಲೆಕೆಳಗಾದರೆ ಬೇಗ ಒಣಗಿದ ಮೇಲ್ಪದರವನ್ನು ನಿಧಾನ ಒಣಗುವ ಕೆಳಪದರ ಸೀಳಿಬಿಡುತ್ತದೆ. ಗುಡ್ಡದಲ್ಲಿ ಗಟ್ಟಿ ತೊಗಟೆಯ ಕೆಳಗಿನ ಮೆತ್ತನೆ ಮಣ್ಣು ಸರಿದಾಗ ಕಲ್ಲು ಬಿರಿಯುವುದೂ ಇಂಥದ್ದೇ ನ್ಯಾಯಕ್ಕೆ. ಒಂದು ಪದರ ಒಣಗುವವರೆಗೆ ಕಾಯುವ ದಿನಗಳು ದಂಡವಲ್ಲ. ಗೋಡೆಗೆ ಒರಗಿಸಿಟ್ಟ ಅರೆಚಿತ್ರವನ್ನು ಹೋಗುತ್ತಾ ಬರುತ್ತಾ ನೋಡುವಾಗಲೇ ಮುಂದೆ ಏನು ಮಾಡಬೇಕು, ಏನನ್ನು ಮುಟ್ಟಬಾರದು ಎಂಬುದು ಹೊಳೆಯುವುದು.

ಕನ್ನಡನಾಡಿನಲ್ಲಿ ಕಡಲಬಂಡೆಯನ್ನು ಎಣ್ಣೆಬಣ್ಣದಲ್ಲಿ ನೋಡಬೇಕೆನ್ನುವವರು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು. ರಾಜಾ ರವಿವರ್ಮ ತನ್ನ ಕೊನೆಯ ವರ್ಷಗಳಲ್ಲಿ ಮೈಸೂರಿನ ಅರಸರಿಗಾಗಿ ಬರೆದ ಚಿತ್ರಗಳಲ್ಲಿ ಸಮುದ್ರರಾಜನ ಮೇಲೆ ಮುನಿದ ರಾಮನದ್ದೊಂದು ಇದೆ. ಬಂಡೆಯ ಮೇಲೆ ಬಿಲ್ಲು ಹಿಡಿದು ನಿಂತ ರಾಮನ ಕಾಲಡಿಯಲ್ಲಿ ಕಡಲು ಕುದಿಯುತ್ತದೆ. ರಾಮನಿಂದ ಕಣ್ಣು ಕಿತ್ತು ಒಮ್ಮೆ ಬಂಡೆಯನ್ನೂ ಅಲೆಯನ್ನೂ ನೋಡಿದರೆ ಎಣ್ಣೆಬಣ್ಣಕ್ಕೆ ಎಂಥ ಕಸುವಿದೆ ಎಂಬುದು ತಿಳಿಯುತ್ತದೆ. ಫೋಟೊ ಮುಂದಿಟ್ಟುಕೊಂಡು ಭಾವಚಿತ್ರಗಳನ್ನು ಬರೆದ ಕೈಯೂ ಅದೇ. ಅವನ ತಮ್ಮ ರಾಜರಾಜವರ್ಮನಂತೂ ನಿಸರ್ಗದ ಚಿತ್ರಗಳಲ್ಲೇ ಪಳಗಿದವನು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯಲ್ಲಿ ನೆಲೆಸಿ, ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದರೂ ಅವರ ಬಣ್ಣಗಳಿಂದ ಕರಾವಳಿಯ ಬೆಚ್ಚಗಿನ ಮಣ್ಣು ಮರೆಯಾಗಲಿಲ್ಲ. ರುಮಾಲೆ ಚನ್ನಬಸವಯ್ಯನವರದ್ದು ಬೇರೆಯೇ ದಾರಿ. ಅರಳಿದ ಮರದ ಎದುರು ಈಸೆಲ್ ಹೂಡಿ, ಬಿಸಿಲಿನಲ್ಲಿ ನಿಂತು ಬೆಂಗಳೂರಿನ ಹೂಮರಗಳನ್ನು ಬರೆದವರು.

ಸ್ಥಳದಲ್ಲೇ ನಿಂತು ಬರೆಯಬೇಕೋ ಮನೆಯಲ್ಲಿ ಕೂತು ಬರೆಯಬಹುದೋ ಎಂಬ ವಾದಕ್ಕೆ ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆಯ ಬದುಕಿನಲ್ಲಿ ಒಳ್ಳೆಯ ಉತ್ತರವಿದೆ. ಎತ್ರೆತಾದ ಬಿಳಿ ಸುಣ್ಣಕಲ್ಲಿನ ಕಡಲಗೋಡೆಗಳನ್ನು ಅವನು 1880ರ ದಶಕದಲ್ಲಿ ಮತ್ತೆ ಮತ್ತೆ ಬರೆದ. 1885ರ ನವೆಂಬರಿನಲ್ಲಿ ಕಲ್ಲಿನ ಕಮಾನಿನಡಿ ಕೆಲಸದಲ್ಲಿ ಮುಳುಗಿದ್ದಾಗ ದೊಡ್ಡ ಅಲೆಯೊಂದು ಅವನನ್ನು ಬಂಡೆಗೆ ಅಪ್ಪಳಿಸಿ, ಅವನ ಚಿತ್ರವನ್ನೂ ಸಾಮಾನನ್ನೂ ಎಳೆದೊಯ್ಯಿತು. ಅಷ್ಟು ಹತ್ತಿರದಿಂದ ಕಡಲನ್ನು ಕಂಡ ಅವನೂ ಅಲ್ಲಿಯ ಎಷ್ಟೋ ಚಿತ್ರಗಳನ್ನು ಪೂರ್ತಿ ಮಾಡಿದ್ದು ಮನೆಗೆ ಬಂದು, ನೆನಪಿನ ಬಲದಿಂದ. ನೋಡುವುದು ಒಂದು ಕಡೆ, ಮಾಗುವುದು ಇನ್ನೊಂದು ಕಡೆ. ಎರಡಕ್ಕೂ ಅದರದರ ಜಾಗ ಬೇಕು.

ದಾವಣಗೆರೆಯ ದೃಶ್ಯಕಲಾ ಕಾಲೇಜಿನಿಂದ ವರ್ಷವೂ ಬಣ್ಣ ಬಲ್ಲ ಹುಡುಗ ಹುಡುಗಿಯರು ಹೊರಬರುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳಲ್ಲಿ ಇನ್ನೂ ಅನೇಕರು ಸಂಜೆಯ ಬಿಡುವಿನಲ್ಲಿ ಬ್ರಷ್ ಹಿಡಿಯುತ್ತಾರೆ. ಅವರಿಗೆ ನನ್ನದೊಂದು ಮಾತು. ಫೋಟೊ ಬೇರೆಯವರದ್ದಾಗಿರುವುದಕ್ಕಿಂತ ನೀವೇ ತೆಗೆದದ್ದಾಗಿರಲಿ. ತೆಗೆದ ಮೇಲೆ ಫೋನನ್ನು ಜೇಬಿಗಿಟ್ಟು, ಗುಡ್ಡ ಬಣ್ಣ ಬದಲಿಸುವವರೆಗೆ ಅಲ್ಲೇ ಕೂತು ನೋಡಿ. ಊರಿಗೆ ಬಂದ ಮೇಲೆ ಕೆಮ್ಮಣ್ಣಿನ ಧರೆ, ಅಡಿಕೆಯ ಅಂಗಳ, ಕೆರೆಯ ಏರಿ, ಪುಷ್ಕರಣಿಯ ಮೆಟ್ಟಿಲುಗಳನ್ನು ಅದೇ ಗಮನದಿಂದ ನೋಡಿ. ಫೋಟೊ ಗುಡ್ಡದ ಆಕಾರವನ್ನಷ್ಟೇ ನೆನಪಿಟ್ಟುಕೊಂಡಿರುತ್ತದೆ. ಅದರ ಬಣ್ಣ, ಕಾವು, ನೆರಳಿನ ಆಳ ಇವನ್ನು ಕೊಡಬೇಕಾದವರು ನಾವು. ಕೊಡಲು ಬೇಕಾದದ್ದನ್ನು ಈ ನೆಲ ನಮಗೆ ಧಾರಾಳವಾಗಿಯೇ ಕೊಟ್ಟಿದೆ.